ಮಾರ್ಷಲ್ ಆರ್ಟ್ಸ್ ಕಲಿತರೆ ನಿಜಕ್ಕೂ ಧೈರ್ಯ ಬರುತ್ತದಾ? ಗಂಡಸುತನ ಬರುತ್ತದಾ?

ಸಣ್ಣದನಿ_27:

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ. ಮೈಕಟ್ಟು ಸಣ್ಣದು, ದನಿಯೂ ಸಣ್ಣದು. ಎದುರಿನವರು ಸ್ವಲ್ಪ ಜೋರು ಮಾಡಿದರೆ ಸಾಕು, ಗಂಟಲು ಒಣಗುತ್ತದೆ, ಕೈ ನಡುಗುತ್ತದೆ. ನ್ಯಾಯ ನನ್ನ ಕಡೆಯೇ ಇದ್ದರೂ "ಹೋಗಲಿ ಬಿಡಿ" ಅಂದು ಜಾಗ ಖಾಲಿ ಮಾಡುತ್ತೇನೆ. ಆಮೇಲೆ ರಾತ್ರಿ ಮಲಗಿಕೊಂಡು, ಹೀಗನ್ನಬೇಕಿತ್ತು, ಹಾಗನ್ನಬೇಕಿತ್ತು ಅಂತ ಒಬ್ಬನೇ ಜಗಳ ಗೆಲ್ಲುತ್ತೇನೆ.

ಕಳೆದ ತಿಂಗಳು ಪಾರ್ಕಿಂಗ್ ಜಾಗದಲ್ಲಿ ಒಬ್ಬ ನನ್ನ ಬೈಕಿಗೆ ಕಾರು ತಾಗಿಸಿ, ಇಳಿದು ಬಂದು ನನಗೇ ಬೈದ. ಜೊತೆಗೆ ತಂಗಿ ಇದ್ದಳು. ಅವಳೇ ಮುಂದೆ ಬಂದು ಮಾತಾಡಿದಳು. ನಾನು ಒಡೆದ ಇಂಡಿಕೇಟರ್ ನೋಡುತ್ತಾ ನಿಂತಿದ್ದೆ. ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅದೇ ಇನ್ನೂ ಜಾಸ್ತಿ ಚುಚ್ಚುತ್ತಿದೆ.

ಗೆಳೆಯರಿಗೆ ಹೇಳಿದರೆ "ಬಾಕ್ಸಿಂಗೋ ಕರಾಟೆಯೋ ಸೇರಿಕೋ, ಗಂಡಸಾಗುತ್ತೀಯ" ಅನ್ನುತ್ತಾರೆ. ಫೋನ್ ತೆಗೆದರೆ ವಿಡಿಯೋಗಳಲ್ಲೂ ಅದೇ ಉಪದೇಶ. ಹೊಡೆದಾಡಲು ಬಾರದವನು ಗಂಡಸೇ ಅಲ್ಲವಂತೆ. ನಿಜವಾಗಿ ಕಲಿತವರನ್ನು ಕೇಳುತ್ತಿದ್ದೇನೆ: ಇದರಿಂದ ಬರುವ ಧೈರ್ಯ ಒಳಗಿನದಾ, ಇಲ್ಲಾ ಎದೆ ಉಬ್ಬಿಸಿ ನಡೆಯುವುದಷ್ಟೇನಾ? ಯಾವುದಕ್ಕೆ ಸೇರಲಿ? 27ಕ್ಕೆ ಶುರು ಮಾಡಿದರೆ ನಗುತ್ತಾರಾ? ದಯವಿಟ್ಟು ಬೈಯಬೇಡಿ.

---

ಸರ್ಟಿಫಿಕೇಟ್_ಶೂರ:

ನನ್ನ ಹತ್ತಿರ ಕರಾಟೆಯ ಬ್ಲ್ಯಾಕ್ ಬೆಲ್ಟ್ ಇದೆ. ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿದ್ದೇವೆ. ಚಿಕ್ಕಂದಿನಿಂದ ಸಾಲಾಗಿ ನಿಂತು ಗಾಳಿಗೆ ಗುದ್ದಿದ್ದೇವೆ, ಜೋರಾಗಿ ಕೂಗಿದ್ದೇವೆ, ಹಂಚು ಒಡೆದಿದ್ದೇವೆ. ಪರೀಕ್ಷೆಗೆ ಫೀಸು ಕಟ್ಟಿದವರೆಲ್ಲ ಪಾಸು. ಕಾಲೇಜಿನಲ್ಲಿ ಒಬ್ಬ ಕಾಲರ್ ಹಿಡಿದು ಗೋಡೆಗೆ ಒತ್ತಿದಾಗ ಆ ಕಲಿತಿದ್ದರಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಹಂಚು ತಿರುಗಿ ಹೊಡೆಯುವುದಿಲ್ಲವಲ್ಲ. ಸುಮ್ನೆ ದುಡ್ಡು ದಂಡ. ಕೌನ್ಸೆಲರ್ ಹತ್ತಿರ ಹೋಗಿ, ಅದು ಒಳ್ಳೆಯದು.

---

ಚಾಪೆ_ಮೇಲಿನವ:

ತಮ್ಮಾ, ಬೈಯಲು ಏನಿದೆ ಇದರಲ್ಲಿ. ನಾನು ಜೂಡೋದವನು. ಹೈಸ್ಕೂಲಿನಲ್ಲಿ ಶುರು ಮಾಡಿದ್ದು, ಈಗ ಗಡ್ಡ ಅರ್ಧ ಬಿಳಿ. ಇತ್ತೀಚೆಗೆ ಸೆಣಸುವುದಕ್ಕಿಂತ ಹೊಸಬರಿಗೆ ಹೇಳಿಕೊಡುವುದೇ ಜಾಸ್ತಿ. ಹಾಗಾಗಿ ನಿನ್ನಂಥವರು ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಅಂತ ನಿಲ್ಲುವುದನ್ನು ತುಂಬಾ ನೋಡಿದ್ದೇನೆ. ಉತ್ತರ ಉದ್ದ ಆಗುತ್ತದೆ, ಓದುವಷ್ಟು ಓದು.

ಮೊದಲು ಸರ್ಟಿಫಿಕೇಟ್_ಶೂರ ಅವರ ಮಾತು. ಅವರ ಅನುಭವ ಸುಳ್ಳಲ್ಲ. ಆದರೆ ದೂರು ಕರಾಟೆಯ ಮೇಲೆ ಬೇಡ. ಮೈಗೆ ಮೈ ತಾಗಿಸಿ ಗಟ್ಟಿಯಾಗಿ ಸೆಣಸುವ ಕರಾಟೆ ಶಾಲೆಗಳೂ ಇವೆ. ನೋಡಬೇಕಾದ್ದು ಒಂದೇ: ಅಭ್ಯಾಸದಲ್ಲಿ ಎದುರಿನವನು ನಿನ್ನ ಮಾತು ಕೇಳಬಾರದು, ನಿನ್ನನ್ನು ಬೀಳಿಸಲೋ ಹೊಡೆಯಲೋ ನಿಜವಾಗಿ ನೋಡುತ್ತಿರಬೇಕು. ಅದೊಂದು ಇಲ್ಲದಿದ್ದರೆ ಎಷ್ಟು ವರ್ಷ ಕೈಕಾಲು ಆಡಿಸಿದರೂ ದಡದಲ್ಲಿ ನಿಂತು ಈಜು ಕಲಿತ ಹಾಗೆ.

ಜೂಡೋ ಹುಟ್ಟಿದ ಕಥೆಯಲ್ಲೇ ಇದಕ್ಕೆ ಉತ್ತರ ಇದೆ. ಅದನ್ನು ಕಟ್ಟಿದ ಕಾನೊ ಜಿಗೊರೊ ಹುಡುಗನಾಗಿದ್ದಾಗ ಕುಳ್ಳ, ತೆಳ್ಳಗಿನ ಮೈ, ಓದಿನಲ್ಲಿ ಮುಂದೆ. ಶಾಲೆಯಲ್ಲಿ ದೊಡ್ಡ ಹುಡುಗರ ಕಾಟ ತಡೆಯಲಾಗದೆ ಜಪಾನಿನ ಹಳೆಯ ಸೆಣಸಾಟದ ವಿದ್ಯೆಯಾದ ಜುಜುತ್ಸು ಕಲಿಯಲು ಹೊರಟವರು. ಅಂದರೆ ನಿನ್ನದೇ ಕೇಸು. 1882ರಲ್ಲಿ ಟೋಕಿಯೋದ ಒಂದು ಬೌದ್ಧ ದೇವಾಲಯದ ಕೋಣೆಯಲ್ಲಿ ತಮ್ಮದೇ ಶಾಲೆ ಶುರು ಮಾಡಿದರು. ಕೋಣೆ 12 ಚಾಪೆ ಹಾಸುವಷ್ಟು ಅಗಲ, ಅಷ್ಟೇ. ಹಳೆಯ ಜುಜುತ್ಸುವಿನಲ್ಲಿ ಜೊತೆಗಾರನಿಗೆ ನಿಜಕ್ಕೂ ಪೆಟ್ಟಾಗುವಂಥ ಪಟ್ಟುಗಳು ಬಹಳ ಇದ್ದವು. ಅವನ್ನು ಪೂರ್ತಿ ಬಲ ಹಾಕಿ ಅಭ್ಯಾಸ ಮಾಡಿದರೆ ನಾಳೆ ಅಭ್ಯಾಸಕ್ಕೆ ಜೊತೆಗಾರನೇ ಇರುವುದಿಲ್ಲ. ಕಾನೊ ಅಂಥವನ್ನು ಕಾತಾ, ಅಂದರೆ ಮೊದಲೇ ಮಾತಾಡಿಕೊಂಡು ಮಾಡುವ ಅಭ್ಯಾಸ, ಅಂತ ಬೇರೆ ಇಟ್ಟರು. ಪೂರ್ತಿ ಬಲ ಹಾಕಿದರೂ ಇಬ್ಬರೂ ಎದ್ದು ಮನೆಗೆ ಹೋಗಬಹುದಾದ ಎಸೆತ, ಹಿಡಿತಗಳನ್ನು ರಾಂದೊರಿಗೆ ಬಿಟ್ಟರು. ರಾಂದೊರಿ ಅಂದರೆ ಮೊದಲೇ ಮಾತಾಡಿಕೊಳ್ಳದ ಸೆಣಸಾಟ. ಕಣ್ಣಿಗೆ ಚುಚ್ಚುವ ಪಟ್ಟನ್ನು ಗಾಳಿಯಲ್ಲಿ ಕಲಿತವನಿಗಿಂತ, ಸಾದಾ ಎಸೆತವನ್ನು ದಿನಾ ಒಪ್ಪದವನ ಮೇಲೆ ಹಾಕಿದವನ ಕೈ ಸಮಯಕ್ಕೆ ಕೆಲಸ ಮಾಡುತ್ತದೆ.

ನಂಬಿಕೆ ಬರದಿದ್ದರೆ ಬೇರೆ ಬೇರೆ ಸಮರಕಲೆಯವರು ಎದುರುಬದುರಾಗಿ ಸೆಣಸಿದ ಪಂದ್ಯಾವಳಿ, 1993ರ ಮೊದಲ ಯುಎಫ್‌ಸಿ ನೋಡು. ಬಾಕ್ಸಿಂಗ್, ಸುಮೊ, ಕಿಕ್‌ಬಾಕ್ಸಿಂಗ್, ಕರಾಟೆ ಎಲ್ಲ ಕಡೆಯವರೂ ಇದ್ದರು. ಸುಮಾರು 80 ಕೆಜಿಯ ಹಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿ ಗೆದ್ದ. ನೋಡಲು ಕಾಲೇಜು ಹುಡುಗನ ಹಾಗಿದ್ದ. ಅವನ ಮನೆತನದ ಬ್ರೆಜಿಲಿಯನ್ ಜಿಯು ಜಿತ್ಸು ಬೆಳೆದದ್ದು ಜೂಡೋದ ಬೇರಿನಿಂದಲೇ, ಅದೇ ಸೆಣಸಾಟದ ಅಭ್ಯಾಸದಿಂದ.

ಸರಿ, ಧೈರ್ಯದ ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿ ಮೊದಲು ಕಲಿಸುವುದು ಬೀಳುವುದನ್ನು. ಗದ್ದ ಎದೆಗೆ ಒತ್ತಬೇಕು, ಕಣ್ಣು ಸೊಂಟದ ಗಂಟಿನ ಮೇಲೆ ಇರಬೇಕು, ಬೆನ್ನು ನೆಲಕ್ಕೆ ತಾಗುವ ಹೊತ್ತಿಗೇ ತೋಳನ್ನು ಚಾಪೆಗೆ ಬಡಿದು ಉಸಿರು ಬಿಡಬೇಕು. ಕೇಳಲು ಇಷ್ಟೇ. ದೊಡ್ಡವರಿಗೆ ಇದು ಎಷ್ಟು ಕಷ್ಟ ಗೊತ್ತಾ? ಮಕ್ಕಳು ಉರುಳಿಕೊಂಡು ನಗುತ್ತಾರೆ. ಮೂವತ್ತು ದಾಟಿದವರು ಕೈ ಹಿಂದಕ್ಕೆ ಚಾಚಿ ನೆಲ ಹಿಡಿಯಲು ನೋಡುತ್ತಾರೆ. ಮಣಿಕಟ್ಟು ಮುರಿಯುವುದೇ ಹಾಗೆ. ವಾರಗಟ್ಟಲೆ ಬಿದ್ದು ಬಿದ್ದು ಒಂದು ದಿನ ಮೈ ತಾನಾಗಿಯೇ ಸರಿಯಾಗಿ ಬೀಳುತ್ತದೆ. ಅವತ್ತಿನಿಂದ ಮನುಷ್ಯ ಭುಜ ಕಿವಿಗೆ ಏರಿಸಿಕೊಂಡು ನಿಲ್ಲುವುದು ಕಡಿಮೆಯಾಗುತ್ತದೆ. ಇದು ನಾನು ಕಣ್ಣಾರೆ ಕಂಡದ್ದು. ಬಹಳ ಜನಕ್ಕೆ ಮೊದಲ ಬದಲಾವಣೆ ಕಾಣುವುದು ಅಲ್ಲೇ, ಯಾರನ್ನೂ ಎಸೆಯುವುದಕ್ಕೆ ಮುಂಚೆಯೇ.

ಆಮೇಲೆ ನೆಲದ ಹಿಡಿತ. ಕೆಸಾ ಗತಾಮೆ ಅಂತ ಒಂದಿದೆ. ಎದುರಿನವನು ನಿನ್ನ ಪಕ್ಕೆಗೆ ಒರಗಿ ಕೂತು, ಒಂದು ಕೈಯಲ್ಲಿ ನಿನ್ನ ತಲೆ ತಬ್ಬಿ, ಇನ್ನೊಂದರಲ್ಲಿ ನಿನ್ನ ತೋಳು ಎಳೆದು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಾನೆ. ಅವನ ಪೂರ್ತಿ ಭಾರ ನಿನ್ನ ಪಕ್ಕೆಲುಬಿನ ಮೇಲೆ. ಮುಖಕ್ಕೆ ಅವನ ಬೆವರು ತೊಟ್ಟಿಕ್ಕುತ್ತದೆ. ಉಸಿರು ಒಳಗೆ ಹೋಗುತ್ತಿಲ್ಲ ಅನಿಸುತ್ತದೆ. ಪಂದ್ಯದಲ್ಲಾದರೆ ಹೀಗೆ 20 ಸೆಕೆಂಡ್ ಸಿಕ್ಕಿಬಿದ್ದರೆ ಸೋಲು. ಹೊಸಬರಿಗೆ ಆ 20 ಸೆಕೆಂಡ್ ಒಂದು ಗಂಟೆ.

ನಮ್ಮಲ್ಲಿಗೆ ಒಬ್ಬರು ಬರುತ್ತಿದ್ದರು, ಆನೆಯಂಥ ಆಳು. ಬಾಗಿಲಲ್ಲಿ ಅವರು ನಿಂತರೆ ಬೆಳಕು ಬರುತ್ತಿರಲಿಲ್ಲ. ಮೊದಲ ಸಲ ಕೆಳಗೆ ಸಿಕ್ಕಿಕೊಂಡಾಗ ಕಾಲು ಬಡಿದರು, ಕೂಗಿದರು, ಸೋತೆ ಅಂತ ಚಾಪೆ ತಟ್ಟಿ ಬಿಡಿಸಿಕೊಂಡು ಎದ್ದು ಹೊರಗೆ ಹೋಗಿಬಿಟ್ಟರು. ಅವರಿಗೆ ಅಷ್ಟು ವಯಸ್ಸಾದರೂ ಯಾರೂ ಮೈಮೇಲೆ ಬಂದಿರಲಿಲ್ಲ, ಗಾತ್ರ ನೋಡಿಯೇ ಎಲ್ಲ ದೂರ ಇದ್ದರು. ಮಾರನೇ ವಾರ ಬಂದರು, ಅದು ದೊಡ್ಡ ವಿಷಯ. ಅವರಿಗೆ ನಾನು ಹೇಳಿದ್ದು ಒಂದೇ: ಬಿಡಿಸಿಕೊಳ್ಳಲು ನೋಡಬೇಡಿ, ಮೊದಲು ಉಸಿರು ಎಲ್ಲಿ ಸಿಗುತ್ತದೆ ಹುಡುಕಿ. ಸೊಂಟ ಸ್ವಲ್ಪ ಅವನ ಕಡೆ ತಿರುಗಿಸಿದರೆ ಪಕ್ಕೆಗೆ ಜಾಗ ಸಿಗುತ್ತದೆ. ಅಷ್ಟು ಜಾಗದಲ್ಲಿ ಉಸಿರಾಡಿ, ಆಮೇಲೆ ಯೋಚನೆ. ಕೆಲವು ತಿಂಗಳ ನಂತರ ಅದೇ ಮನುಷ್ಯ ಅಡಿಯಲ್ಲಿ ಸಿಕ್ಕಿಕೊಂಡೇ ನನ್ನ ಕಡೆ ನೋಡಿ "ಈಗ ಯಾವ ಕೈ ಸರ್?" ಅಂತ ಕೇಳುತ್ತಿದ್ದರು.

ನೀನು ಕೇಳಿದ ಧೈರ್ಯ ಇಂಥದ್ದು. ಉಸಿರುಗಟ್ಟಿದ ಹಾಗಾದಾಗಲೂ ತಲೆ ಓಡುತ್ತದೆ ಅನ್ನುವುದು ಮೈಗೆ ಗೊತ್ತಾಗಿರುವುದು. ನಡುಕ ಹೋಗುತ್ತದೆ ಅಂದುಕೊಳ್ಳಬೇಡ. ಅಡ್ರಿನಲಿನ್ ಏರಿದಾಗ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಕೈ ನಡುಗುತ್ತದೆ, ನೋಟ ಕಿರಿದಾಗುತ್ತದೆ. ನನಗೆ ಇವತ್ತಿಗೂ ಪಂದ್ಯಕ್ಕೆ ಮುಂಚೆ ಬೆರಳು ಬೆಲ್ಟ್ ಗಂಟು ಹಾಕಲು ಕೇಳುವುದಿಲ್ಲ. ನೀನು ಅದನ್ನು ಹೇಡಿತನ ಅಂತ ಲೆಕ್ಕ ಹಾಕಿದ್ದೀಯ. ಅದು ಮೈ ಕೆಲಸಕ್ಕೆ ತಯಾರಾಗುವ ರೀತಿ. ವಾರಕ್ಕೆ ಕೆಲವು ಸಲ ಅದನ್ನು ನೋಡುತ್ತಿದ್ದರೆ ಅದು ಬಂದಾಗ ಗಾಬರಿ ಇರುವುದಿಲ್ಲ, ಅಷ್ಟೇ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ನನ್ನ ಕೈಲಾಗುತ್ತದೆ ಅನ್ನುವ ನಂಬಿಕೆ ಬರುವುದು ನಾಲ್ಕು ದಾರಿಯಲ್ಲಿ ಅಂತ. ಸ್ವತಃ ಮಾಡಿ ದಕ್ಕಿಸಿಕೊಂಡದ್ದು, ನಮ್ಮಂಥ ಬೇರೆಯವರು ಮಾಡಿದ್ದನ್ನು ನೋಡಿದ್ದು, ಬೇರೆಯವರು ಹುರಿದುಂಬಿಸಿದ್ದು, ಮತ್ತೆ ನಮ್ಮ ಮೈಯ ಸೂಚನೆಗಳನ್ನು ನಾವು ಹೇಗೆ ಓದುತ್ತೇವೆ ಅನ್ನುವುದು. ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ನೀನು ನೋಡುವ ವಿಡಿಯೋಗಳಲ್ಲಿ ಸಿಗುವುದು ಮೂರನೆಯದು ಮಾತ್ರ, ಅದೂ ಬೈಗುಳದ ರೂಪದಲ್ಲಿ.

ಇನ್ನು ಯಾರೂ ಹೇಳದ ಮಾತು. ಚಾಪೆಯ ಧೈರ್ಯ ತಾನಾಗಿಯೇ ಎಲ್ಲ ಕಡೆ ಹರಿಯುವುದಿಲ್ಲ. ಬ್ಲ್ಯಾಕ್ ಬೆಲ್ಟ್ ಬಂದು ವರ್ಷಗಳಾದರೂ ಸಂಬಳ ಜಾಸ್ತಿ ಮಾಡಿ ಅಂತ ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ನೂರು ಕೆಜಿಯವನನ್ನು ಎಸೆದು ಬಂದು, ಮಾರನೇ ಬೆಳಿಗ್ಗೆ ಮ್ಯಾನೇಜರ್ ಬಾಗಿಲ ಹೊರಗೆ ಫೈಲ್ ಹಿಡಿದುಕೊಂಡು ನಿಲ್ಲುತ್ತಿದ್ದೆ. ಬಾಯಿಯ ಧೈರ್ಯಕ್ಕೆ ಬಾಯಿಯದೇ ಅಭ್ಯಾಸ ಬೇಕು. ಸಣ್ಣದರಿಂದ ಶುರು ಮಾಡು. ತಪ್ಪು ಬಿಲ್ ಬಂದರೆ ವಾಪಸ್ ಕೊಟ್ಟು ಸರಿ ಮಾಡಿಸು. ಮೀಟಿಂಗಿನಲ್ಲಿ ಯಾರಾದರೂ ಮಧ್ಯೆ ಬಾಯಿ ಹಾಕಿದರೆ "ಒಂದು ನಿಮಿಷ, ಮುಗಿಸುತ್ತೇನೆ" ಅನ್ನು. ಕೈ ನಡುಗುತ್ತದೆ. ನಡುಗಲಿ, ಮಾತು ನಿಲ್ಲಿಸಬೇಡ. ಇದೂ ರಾಂದೊರಿಯೇ.

ಪಾರ್ಕಿಂಗ್ ವಿಷಯಕ್ಕೆ ಬರೋಣ. ನಾನಿದ್ದಿದ್ದರೆ ಏನು ಮಾಡುತ್ತಿದ್ದೆ? ಎರಡು ಹೆಜ್ಜೆ ದೂರ ನಿಂತು, ಕಾರಿನ ನಂಬರಿನ ಫೋಟೋ ತೆಗೆದು, "ಇಂಡಿಕೇಟರ್ ಒಡೆದಿದೆ, ಏನು ಮಾಡೋಣ ಹೇಳಿ" ಅನ್ನುತ್ತಿದ್ದೆ. ಕಾಂಕ್ರೀಟಿನ ಮೇಲೆ ಮನುಷ್ಯನನ್ನು ಎಸೆದರೆ ತಲೆ ಒಡೆಯುತ್ತದೆ, ಆಮೇಲೆ ಜೀವನಪೂರ್ತಿ ಕೋರ್ಟು. ಕಲಿತವರಿಗೆ ಇದು ಬೇಗ ಗೊತ್ತಾಗುತ್ತದೆ. ನಿನ್ನ ತಂಗಿ ಮಾಡಿದ್ದೂ ಹೆಚ್ಚು ಕಡಿಮೆ ಅದೇ ಅಲ್ವಾ? ಅವಳು ಯಾವ ಕ್ಲಾಸಿಗೆ ಹೋಗಿದ್ದಳು, ಕೇಳಿ ನೋಡು.

ಅಲ್ಲಿಗೆ ಗಂಡಸುತನದ ಪ್ರಶ್ನೆ. ಗಂಡಸಾಗಬೇಕು ಅಂತಲೇ ಬಂದವರಲ್ಲಿ ಬಹಳ ಮಂದಿ ಮೊದಲ ತಿಂಗಳಲ್ಲೇ ಬಿಡುತ್ತಾರೆ. ಕಾರಣ ಸುಲಭ. ಅವರಿಗಿಂತ ಹತ್ತು ಹದಿನೈದು ಕೆಜಿ ಕಡಿಮೆ ಇರುವ ಹುಡುಗಿ ಅವರನ್ನು ಎತ್ತಿ ಹಾಕುತ್ತಾಳೆ. ಅವಳು ನಾಲ್ಕು ವರ್ಷದಿಂದ ಬರುತ್ತಿದ್ದಾಳೆ, ನೀನು ನಿನ್ನೆ ಬಂದವನು, ಅದರಲ್ಲಿ ಅವಮಾನ ಏನು? ಆದರೂ ಬಿಡುತ್ತಾರೆ. ಉಳಿಯುವವರಲ್ಲೂ ಇನ್ನೊಂದು ಜಾತಿ ಇದೆ, ಹೊಸಬರನ್ನೇ ಹುಡುಕಿ ಜೋರಾಗಿ ಎಸೆಯುವವರು. ಅಂಥವರಿಗೆ ಈ ವಿದ್ಯೆಯಿಂದ ಧೈರ್ಯ ಬಂದಿದೆ ಅಂತ ನಾನು ಒಪ್ಪುವುದಿಲ್ಲ. ಹಳೇ ಹೆದರಿಕೆಗೆ ಹೊಸ ಬಟ್ಟೆ ತೊಡಿಸಿದ್ದಾರೆ.

ಇದು ಬರೀ ನನ್ನ ಗೊಣಗಾಟ ಅಲ್ಲ. 1986ರಲ್ಲಿ ಮೈಕೇಲ್ ಟ್ರಲ್ಸನ್ ಅನ್ನುವವರು ಅಪರಾಧದ ಹಾದಿ ಹಿಡಿದಿದ್ದ ಹುಡುಗರ ಮೇಲೆ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಒಂದು ಗುಂಪಿಗೆ ಸಾಂಪ್ರದಾಯಿಕ ಟೇಕ್ವಾಂಡೋ, ಅಂದರೆ ಒದೆತದ ಜೊತೆಗೆ ಧ್ಯಾನ, ಗೌರವ, ಸಂಯಮದ ಪಾಠ. ಇನ್ನೊಂದಕ್ಕೆ ಬರೀ ಹೊಡೆದಾಟದ ಭಾಗ. ಮೂರನೆಯದಕ್ಕೆ ಓಟ, ಬಾಸ್ಕೆಟ್‌ಬಾಲ್ ಥರದ್ದು. ಆರು ತಿಂಗಳ ಮೇಲೆ ಮೊದಲ ಗುಂಪಿನ ಸಿಟ್ಟು ಇಳಿದು ಆತ್ಮವಿಶ್ವಾಸ ಏರಿತ್ತು. ಎರಡನೆಯದರ ಸಿಟ್ಟು ಮೊದಲಿಗಿಂತ ಜಾಸ್ತಿಯಾಗಿತ್ತು. 2005ರಲ್ಲಿ ನಾರ್ವೆಯ ಸಂಶೋಧಕರಾದ ಎಂಡ್ರೆಸೆನ್ ಮತ್ತು ಓಲ್ವೇಯಸ್ ಹುಡುಗರನ್ನು ಎರಡು ವರ್ಷ ಗಮನಿಸಿ, ಬಾಕ್ಸಿಂಗ್, ಕುಸ್ತಿ, ವೇಟ್‌ಲಿಫ್ಟಿಂಗ್, ಪೂರ್ವದ ಸಮರಕಲೆಗಳಿಗೆ ಸೇರಿದವರಲ್ಲಿ ಪುಂಡಾಟ ಹೆಚ್ಚಿತು ಅಂತ ಬರೆದರು. ಅಲ್ಲಿ ಸಿಗುವ ಒರಟು ಗಂಡಸ್ತಿಕೆಯ ಸಹವಾಸವೂ ಒಂದು ಕಾರಣ ಅಂದರು. ನಾವು ಕಲಿಸುವವರು ಇದನ್ನು ಗೋಡೆ ಮೇಲೆ ಅಂಟಿಸಿಕೊಳ್ಳಬೇಕು.

ಹಾಗಾಗಿ ಯಾವ ಕಲೆ ಅನ್ನುವುದಕ್ಕಿಂತ ಯಾರ ಕೈಕೆಳಗೆ ಅನ್ನುವುದು ಮುಖ್ಯ. ಸೇರುವ ಮುಂಚೆ ಬೆಂಚ್ ಮೇಲೆ ಕೂತು ಒಂದು ಕ್ಲಾಸ್ ಪೂರ್ತಿ ನೋಡು. ಹಳಬ ಹೊಸಬನಿಗೆ ಜಾಸ್ತಿ ಬಲ ಹಾಕಿದಾಗ ಕೋಚ್ ಏನು ಮಾಡುತ್ತಾನೆ? ತಡೆಯುತ್ತಾನಾ, ನಗುತ್ತಾನಾ? ಸೋತವನ ಜೊತೆ ಯಾರಾದರೂ ಮಾತಾಡುತ್ತಾರಾ? ಕೋಚ್ ತಾನೂ ಬೆವರುತ್ತಾನಾ, ಇಲ್ಲಾ ದೂರ ನಿಂತು ತನ್ನ ಹಳೇ ಕಥೆ ಹೇಳುತ್ತಾನಾ? ನೋಡಲು ಬಿಡುವುದಿಲ್ಲ ಅಂದರೆ ಚಪ್ಪಲಿ ಹಾಕಿಕೊಂಡು ಬಾ.

27 ಏನೂ ವಯಸ್ಸಲ್ಲ.

---

ಮೂರನೇ_ರೌಂಡ್:

ಜೂಡೋ ಸರ್ ಬರೆದಿದ್ದಕ್ಕೆ ನನ್ನದೂ ಸ್ವಲ್ಪ ಸೇರಿಸುತ್ತೇನೆ. ನಾನು ಬಾಕ್ಸಿಂಗ್ ಮಾಡುವವಳು. ಮೂಗಿನ ಮೇಲೆ ಮೊದಲ ಜ್ಯಾಬ್ (ನೇರ ಗುದ್ದು) ಬಿದ್ದಾಗ ನೋವಿಗಿಂತ ಮುಂಚೆ ಕಣ್ಣಲ್ಲಿ ನೀರು ಬರುತ್ತದೆ. ಅಳು ಅಲ್ಲ, ಮೂಗಿಗೆ ಪೆಟ್ಟಾದರೆ ಕಣ್ಣು ತಾನಾಗಿಯೇ ಸುರಿಯುತ್ತದೆ. ನನ್ನ ಜೊತೆ ಸೇರಿದ ಹುಡುಗರಿಗೆ ಇದೇ ದೊಡ್ಡ ಕಷ್ಟ ಆಗಿತ್ತು. ಅತ್ತ ಹಾಗೆ ಕಾಣುತ್ತದಲ್ಲ ಅಂತ ಮುಖ ತಿರುಗಿಸುತ್ತಿದ್ದರು, ತಿರುಗಿಸಿದ್ದಕ್ಕೆ ಇನ್ನೊಂದು ಬೀಳುತ್ತಿತ್ತು! ನನಗೆ ಆ ಚಿಂತೆ ಇರಲಿಲ್ಲ, ಒರೆಸಿಕೊಂಡು ಮುಂದಿನ ರೌಂಡಿಗೆ ಹೋಗುತ್ತಿದ್ದೆ.

ಗಂಡಸುತನಕ್ಕೂ ಇದಕ್ಕೂ ಗಂಟು ಹಾಕುವವರು ಅಮೆರಿಕದ ಜೂಡೋಗಾರ್ತಿ ರೆನಾ ಕನೊಕೋಗಿ ಬಗ್ಗೆ ತಿಳಿದುಕೊಳ್ಳಿ. 1959ರಲ್ಲಿ ನ್ಯೂಯಾರ್ಕ್ ರಾಜ್ಯದ ವೈಎಂಸಿಎ ಜೂಡೋ ಪಂದ್ಯ. ಅವರ ತಂಡದ ಒಬ್ಬನಿಗೆ ಗಾಯ ಆಗಿತ್ತು. ಇವರು ಕೂದಲು ಗಿಡ್ಡ ಮಾಡಿ, ಎದೆಗೆ ಬಟ್ಟೆ ಬಿಗಿದುಕೊಂಡು ಗಂಡಸರ ಸಾಲಿನಲ್ಲಿ ನಿಂತು ಗೆದ್ದರು. ಆಮೇಲೆ ಸಂಘಟಕರು ಪಕ್ಕಕ್ಕೆ ಕರೆದು ನೀನು ಹೆಂಗಸಾ ಅಂತ ಕೇಳಿದರು. ಹೌದು ಅಂದದ್ದಕ್ಕೆ ಪದಕ ವಾಪಸ್ ತೆಗೆದುಕೊಂಡರು. ಅವರು ಸುಮ್ನೆ ಕೂರಲಿಲ್ಲ. ಮನೆ ಅಡ ಇಟ್ಟು 1980ರಲ್ಲಿ ಹೆಂಗಸರ ಮೊದಲ ವಿಶ್ವ ಜೂಡೋ ಚಾಂಪಿಯನ್‌ಷಿಪ್ ನಡೆಸಿದರು. ಗಂಡಸರ ಜೂಡೋ ಒಲಿಂಪಿಕ್ಸಿಗೆ ಬಂದದ್ದು 1964ರಲ್ಲಿ, ಹೆಂಗಸರಿಗೆ ಪದಕ ಸಿಕ್ಕಿದ್ದು 1992ರಲ್ಲಿ. ನಮ್ಮ ಬಾಕ್ಸಿಂಗಿಗೆ 2012ರವರೆಗೆ ಕಾಯಬೇಕಾಯಿತು. ವೈಎಂಸಿಎ ಅವರ ಪದಕವನ್ನು ವಾಪಸ್ ಕೊಟ್ಟದ್ದು 2009ರಲ್ಲಿ, ಐವತ್ತು ವರ್ಷದ ಮೇಲೆ. ಆ ಪಂದ್ಯದಲ್ಲಿ ಅವರ ಕೈಗೆ ಸಿಕ್ಕಿ ಸೋತವನು ಆ ದಿನ ಯಾವ ಗಂಡಸುತನ ಕಲಿತ ಅಂತ ನನಗೆ ಕುತೂಹಲ.

ಸಣ್ಣದನಿ ಅವರೇ, ತಂಗಿ ಮುಂದೆ ನಾಚಿಕೆ ಆಯಿತು ಅಂದಿರಿ. ಅವಳಿಗೆ ಒಂದು ಥ್ಯಾಂಕ್ಸ್ ಹೇಳಿದ್ದೀರಾ?

---

ಕಬ್ಬಿಣ_ಎತ್ತುವವ:

ಎಲ್ಲ ಸೇರಿ ಹುಡುಗನಿಗೆ ಭಾಷಣ ಕೊಡುತ್ತಿದ್ದೀರಿ. ಸರಳ ವಿಷಯ. ಜಿಮ್‌ಗೆ ಹೋಗಿ ಮೈ ಬೆಳೆಸಲಿ. ದಪ್ಪ ತೋಳು ಇದ್ದವನ ತಂಟೆಗೆ ಯಾರೂ ಬರುವುದಿಲ್ಲ. ತಂಟೆಯೇ ಬರದಿದ್ದರೆ ಧೈರ್ಯ ಯಾಕೆ ಬೇಕು? ಜೂಡೋ ಸರ್ ಹೇಳಿದ ಆ ದೊಡ್ಡ ಆಳನ್ನೂ ಹೊರಗೆ ಯಾರೂ ಮುಟ್ಟಿರಲಿಲ್ಲ, ಅವರೇ ಬರೆದಿದ್ದಾರೆ.

---

ಚಾಪೆ_ಮೇಲಿನವ:

ಕಬ್ಬಿಣದವರೇ, ನಿಮ್ಮ ಮಾತಲ್ಲಿ ಅರ್ಧ ನಿಜ ಇದೆ. ಬಲ ಬೇಕು. ನಮ್ಮ ಹುಡುಗರಿಗೂ ನಾನು ಸ್ಕ್ವಾಟ್, ಡೆಡ್‌ಲಿಫ್ಟ್ ಮಾಡಿಸುತ್ತೇನೆ. ಇಬ್ಬರಿಗೂ ಒಂದೇ ವಿದ್ಯೆ ಗೊತ್ತಿದ್ದರೆ ಭಾರದವನೇ ಗೆಲ್ಲುತ್ತಾನೆ. ತೂಕದ ವಿಭಾಗಗಳನ್ನು ಮಾಡಿರುವುದೇ ಅದಕ್ಕೆ. ಚಿಕ್ಕವನು ಯಾರನ್ನು ಬೇಕಾದರೂ ಮಲಗಿಸಬಹುದು ಅಂತ ಆಸೆ ತೋರಿಸಿ ಫೀಸು ಕೀಳುವವರನ್ನು ಕಂಡರೆ ನನಗೂ ಆಗುವುದಿಲ್ಲ.

ಆದರೆ ಆ ದೊಡ್ಡ ಆಳು ಚಾಪೆಗೆ ಯಾಕೆ ಬಂದರು ಅಂತ ನೀವು ಕೇಳಲಿಲ್ಲ. ಯಾರೂ ಮುಟ್ಟದೆ ಇದ್ದದ್ದರಿಂದಲೇ, ಯಾರಾದರೂ ಮುಟ್ಟಿಬಿಟ್ಟರೆ ಏನು ಗತಿ ಅನ್ನುವ ಭಯ ಅವರಿಗೆ ಒಳಗೊಳಗೇ ಇತ್ತಂತೆ. ಎಲ್ಲರೂ ತನ್ನನ್ನು ಗಟ್ಟಿಗ ಅಂದುಕೊಂಡಿದ್ದಾರೆ, ಒಂದು ದಿನ ಬಣ್ಣ ಬಯಲಾದರೆ? ತೋಳು ದಪ್ಪ ಆದಷ್ಟೂ ಆ ಭಯವೂ ದಪ್ಪ ಆಯಿತು ಅಂತ ಅವರೇ ನಗುತ್ತಾ ಹೇಳಿದ್ದು.

---

ಸಣ್ಣದನಿ_27:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉದ್ದ ಉತ್ತರ ಯಾರಾದರೂ ಕೊಡುತ್ತಾರೆ ಅಂತ ಅಂದುಕೊಂಡಿರಲಿಲ್ಲ. ಮೇಡಂ, ತಂಗಿಗೆ ಹೇಳಿರಲಿಲ್ಲ. ಸಂಜೆ ಹೇಳಿದೆ. "ಯಾವ ಪಾರ್ಕಿಂಗ್?" ಅಂದಳು, ಮರೆತೇ ಬಿಟ್ಟಿದ್ದಾಳೆ. ನಾನು ತಿಂಗಳಿಂದ ನಿದ್ದೆಗೆಟ್ಟಿದ್ದೇನೆ.

ಅಣ್ಣಾ, ಜೂಡೋ ಮತ್ತು ಬಾಕ್ಸಿಂಗ್ ಎರಡೂ ಹತ್ತಿರದಲ್ಲಿವೆ. ತಲೆಗೆ ಪೆಟ್ಟಾಗುವುದು ಅಂದರೆ ಹೆದರಿಕೆ, ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವ ಕೆಲಸ ನನ್ನದು. ಹೆಡ್‌ಗಾರ್ಡ್ ಹಾಕಿದರೆ ಸಾಕಾ? ಮತ್ತೆ ನನಗೆ ದಪ್ಪ ಕನ್ನಡಕ ಇದೆ. ತೆಗೆದರೆ ಎದುರಿನವರ ಮುಖವೂ ಸರಿಯಾಗಿ ಕಾಣುವುದಿಲ್ಲ. ಮೊದಲ ದಿನ ಏನು ತೆಗೆದುಕೊಂಡು ಹೋಗಲಿ?

---

ಚಾಪೆ_ಮೇಲಿನವ:

ಹೆಡ್‌ಗಾರ್ಡ್ ಚರ್ಮ ಒಡೆಯುವುದನ್ನು ತಡೆಯುತ್ತದೆ. ಬುರುಡೆಯ ಒಳಗೆ ಮೆದುಳು ಅಲುಗಾಡುವುದನ್ನು ತಡೆಯಲು ಅದನ್ನು ನಂಬಬೇಡ. ದೊಡ್ಡ ಮಟ್ಟದ ಗಂಡಸರ ಅಮೆಚೂರ್ ಬಾಕ್ಸಿಂಗಿನಲ್ಲಿ 2013ರಲ್ಲಿ ಅದನ್ನು ತೆಗೆದೇಬಿಟ್ಟರು. ಬಾಕ್ಸಿಂಗಿಗೆ ಸೇರುವುದಾದರೆ ಶುರುವಿನಲ್ಲಿ ಬ್ಯಾಗ್, ಪ್ಯಾಡ್, ಹೆಜ್ಜೆ ಕಲಿ. ಸ್ಪ್ಯಾರಿಂಗ್, ಅಂದರೆ ಅಭ್ಯಾಸದ ಸೆಣಸಾಟ, ಬಂದಾಗ ಹಗುರವಾಗಿ ಆಡುವ ಜೊತೆಗಾರನನ್ನೇ ಕೇಳು, ಕೇಳಲು ನಾಚಿಕೊಳ್ಳಬೇಡ. ಪೆಟ್ಟಾದ ಮೇಲೆ ತಲೆನೋವು, ವಾಕರಿಕೆ, ಮಂಕು, ಬೆಳಕು ನೋಡಲು ಕಷ್ಟ, ಇದರಲ್ಲಿ ಯಾವುದೇ ಬಂದರೂ ಅವತ್ತಿಗೆ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗು. ಅವರು ಸರಿ ಅನ್ನುವವರೆಗೆ ಸ್ಪ್ಯಾರಿಂಗ್ ಇಲ್ಲ. "ಗಂಡಸಾಗಿ ತಡೆದುಕೋ" ಅನ್ನುವ ಕೋಚ್ ಸಿಕ್ಕಿದರೆ ಆ ಜಾಗವನ್ನೇ ಬಿಡು. ಜೂಡೋದಲ್ಲೂ ಕೆಟ್ಟದಾಗಿ ಬಿದ್ದರೆ ತಲೆಗೆ ಆಗುತ್ತದೆ, ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅದಕ್ಕೇ ಬೀಳುವುದು ಮೊದಲು. ಭುಜ, ಮಂಡಿ, ಬೆರಳು ಇವುಗಳ ಪೆಟ್ಟು ನಮ್ಮಲ್ಲಿ ಸಾಮಾನ್ಯ. ನಿನ್ನ ಕೆಲಸ, ನಿನ್ನ ಹೆದರಿಕೆ ನೋಡಿದರೆ ನಾನು ಜೂಡೋ ಅನ್ನುತ್ತೇನೆ. ನನ್ನ ಮನೆಯ ಸರಕು ನಾನು ಹೊಗಳುವುದು ಸಹಜ, ಎರಡೂ ಕಡೆ ಕೂತು ನೋಡಿ ನೀನೇ ತೀರ್ಮಾನ ಮಾಡು.

ಕನ್ನಡಕ ತೆಗೆದಿಡಬೇಕು, ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಬಗ್ಗೆ ಕಣ್ಣಿನ ಡಾಕ್ಟರನ್ನು ಕೇಳು. ಪವರ್ ಜಾಸ್ತಿ ಇದ್ದರೆ ರೆಟಿನಾ ಕೂಡ ಪರೀಕ್ಷೆ ಮಾಡಿಸಿ ಹೋಗು, ಇದನ್ನು ಮರೆಯಬೇಡ. ಮುಖ ಕಾಣದಿದ್ದರೆ ಚಿಂತೆ ಇಲ್ಲ. ಎದುರಿನವನ ಕಾಲರ್, ತೋಳು ಕೈಯಲ್ಲಿ ಇರುತ್ತವೆ, ಅವನು ಯಾವ ಕಡೆ ವಾಲುತ್ತಾನೆ ಅನ್ನುವುದು ಕೈಗೇ ಗೊತ್ತಾಗುತ್ತದೆ. ದೃಷ್ಟಿ ಇಲ್ಲದವರ ಜೂಡೋ 1988ರಿಂದ ಪ್ಯಾರಾಲಿಂಪಿಕ್ಸಿನಲ್ಲಿ ಇದೆ. ಅವರು ಒಬ್ಬರನ್ನೊಬ್ಬರು ಹಿಡಿದುಕೊಂಡೇ ಪಂದ್ಯ ಶುರು ಮಾಡುತ್ತಾರೆ. ಉಳಿದ ನಿಯಮ ಬಹುಪಾಲು ನಮ್ಮದೇ.

ಮೊದಲ ದಿನಕ್ಕೆ ಏನೂ ಕೊಂಡುಕೊಳ್ಳಬೇಡ. ಟ್ರ್ಯಾಕ್ ಪ್ಯಾಂಟು, ಹರಿದರೂ ಬೇಜಾರಾಗದ ಟೀ ಶರ್ಟು, ಟವೆಲ್, ನೀರಿನ ಬಾಟಲಿ. ಜಿಪ್ಪು, ಗುಂಡಿ ಇರುವ ಬಟ್ಟೆ ಬೇಡ. ಉಂಗುರ, ಸರ, ದಾರ ಎಲ್ಲ ಮನೆಯಲ್ಲೇ ಬಿಟ್ಟು ಬಾ. ಕೈ, ಕಾಲು ಎರಡರ ಉಗುರೂ ಕತ್ತರಿಸಿಕೊಂಡು ಹೋಗು. ಕಾಲಿನದನ್ನು ಎಲ್ಲರೂ ಮರೆಯುತ್ತಾರೆ.